ಅಮ್ಮ ಬೆಳಗಿದ ತೋಟಾಗಳು

ರೀ,

ನಾನು ಆಸ್ಪತ್ರೆ ಡ್ಯೂಟಿಗೆ ಹೊರಟೆ. ಎದ್ದವರೇ ಮನೆಯೆಲ್ಲ ಹುಡುಕಬೇಡಿ. ಶೂಟಿಂಗ್ ಕ್ಲಬ್ಬಿನಿಂದ ತಂದ ನಿಮ್ಮ ಪಿಸ್ತೂಲಿನ ಖಾಲಿ ತೋಟಾಗಳು ದೇವರ ಮುಂದಿವೆ.

ಬಾಲ್ಕನಿಯ ಬಕೆಟ್ಟಿನಲ್ಲಿ ಅವನ್ನು ಕಂಡ ನಿಮ್ಮ ಅಮ್ಮ, "ಇಷ್ಟು ಒಳ್ಳೇ ಹಿತ್ತಾಳೇನ ಹಿಂಗಾ ಕಪ್ಪು ಹಿಡ್ಸೋದು?" ಎಂದು ಬೈದು, ದೀಪಗಳ ಜೊತೆಗೆ ಹುಣಸೆಹಣ್ಣು ಹಾಕಿ ತಿಕ್ಕಿದ್ದಾರೆ. ಒಂದೊಂದಕ್ಕೂ ಕುಂಕುಮ ಬೇರೆ! ಹೇಗೆ ಹೊಳೆಯುತ್ತಿವೆ ನೋಡಿ. ಶುವೈಖ್ ಮಾರ್ಕೆಟ್ಟಿನಲ್ಲಿ ತೋಟಾ ಪಾಲಿಶ್ ಮಾಡೋ ಮೆಷಿನ್ನಿನ ಬೆಲೆ ಕೇಳಿ, ಖಾಲಿ ತೋಟಾಗಳಿಗೆ ಮತ್ತೆ ಸಿಡಿಮದ್ದು ತುಂಬಿಸೋ ಆಸೆ ಖಲಾಸ್ ಅಂದಿದ್ದಿರಲ್ಲ, ಇನ್ನು ಆ ಮೆಷಿನ್ನೇ ಬೇಡ.

ಆದರೆ ತೋಟಾಗಳ ಆ ಕಪ್ಪು ಸೀಸದ ಕೊಳೆ, ಹೊಟ್ಟೆಗೆ ಹೋದರೆ ವಿಷ. ಅಮ್ಮನ ಕೈ ಸೋಪಿನಲ್ಲಿ ಚೆನ್ನಾಗಿ ತೊಳೆಸಿದ್ದೇನೆ. ತಿಕ್ಕಿದ್ದು ನನ್ನ ಅನ್ನದ ಪಾತ್ರೆಯಲ್ಲಿ, ಅದು ಇನ್ನು ಅಡುಗೆಗೆ ಬೇಡ, ನಿಮ್ಮ ತೋಟಾಗಳಿಗೇ ಇಟ್ಟುಕೊಳ್ಳಿ.

ಕುಂಕುಮ ತೊಳೆದು ತೋಟಾಗಳನ್ನು ಬಿಸಿಲಿಗೆ ಹರವಿ, ಒಳಗೂ ಒಣಗಲಿ. ಮದ್ದು ತುಂಬಿಸುವುದು ಕ್ಲಬ್ಬಿನಲ್ಲೇ, ಕೋಚ್ ಎದುರಿಗೆ. ಮನೆಯೊಳಗೆ ಮದ್ದು ಬಂದರೆ ನಾನು ಸುಮ್ಮನಿರುವುದಿಲ್ಲ.

ಸಂಜೆ ಕ್ಲಬ್ಬಿಗೆ ಅಮ್ಮನನ್ನೂ ಕರೆದುಕೊಂಡು ಹೋಗೋಣ. "ಇಷ್ಟು ಪುಟ್ಟ ದೀಪಕ್ಕೆ ಬತ್ತಿ ಎಲ್ಲಿ ಹಾಕೋದಮ್ಮ?" ಎಂದು ಆಗಿನಿಂದ ಕೇಳುತ್ತಿದ್ದಾರೆ. ನಾನು ಬಾಯಿ ಬಿಟ್ಟಿಲ್ಲ. ನೀವೇ ಹೇಳಿ.

ಸುಜಯಾ