ಅಪ್ಪನ ಪಂಪು, ಮಗುವಿನ ಪಂಪು

ಮುಳಬಾಗಿಲು
೧೯ ಜೂನ್ ೨೦೨೫, ಗುರುವಾರ

ಕದಿರೇಶನಿಗೆ,

ಹೆಸರಿನ ಹಿಂದೆ 'ಪ್ರಿಯ' ಎಂದು ಬರೆದು, ಹೊಡೆದುಹಾಕಿ, ಕೊನೆಗೆ ಹಾಳೆಯನ್ನೇ ಬದಲಿಸಿದ್ದೇನೆ. ನಾನು ಕ್ಷೇಮ. ನೀನೂ ಕ್ಷೇಮವೆಂದು ನಿನ್ನ ವಾಟ್ಸ್ಯಾಪ್ ಸ್ಟೇಟಸ್ಸು ದಿನಕ್ಕೊಂದು ಫೋಟೊ ಹಾಕಿ ಊರಿಗೆಲ್ಲ ಸಾರುತ್ತಿದೆ. ಒಂದೇ ಕಂಪನಿಯ ಒಂದೇ ಮಹಡಿಯಲ್ಲಿ ಕೂರುವ ಗಂಡನಿಗೆ ಕಾಗದ ಬರೆಯುವವಳು ಇಡೀ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ನಾನೊಬ್ಬಳೇ ಇರಬೇಕು. ಇಮೇಲ್ ಕಳಿಸಿದರೆ ಮ್ಯಾನೇಜರ್ ಅಮರನಾಥ್ ಸಾರ್ ಓದುತ್ತಾರೆ. ಫೋನ್ ಮಾಡಿದರೆ ನಿನ್ನ ದನಿ ಕೇಳಿ ನಾನು ಮೆತ್ತಗಾಗುತ್ತೇನೆ. ಅದಕ್ಕೇ ಈ ಕಾಗದ; ನನ್ನ ಪಕ್ಕದ ಮೇಜಿನ ರುಕ್ಸಾರ್ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ನಿನ್ನೆ ಕಂಪನಿ ಬಸ್ಸಿನ ಹತ್ತಿರ ನೀನು ಹೇಳಿದ ಮಾತಿಗೆ ಇದು ಉತ್ತರ. "ಸೈನ್ ಹಾಕ್ಬಿಡು ಗಂಗೂ. ಶನಿವಾರ ನಾನೇ ಬಂದು ಮನೆಗೆ ಕರ್ಕೊಂಡು ಹೋಗ್ತೀನಿ. ಮುಂದಿನ ವರ್ಷನ್‌ನಲ್ಲಿ ಸರಿ ಮಾಡಿದ್ರಾಯ್ತು" ಅಂದೆ. ಸಹಿ ಹಾಕಿದರೆ ಸಿಹಿ, ಹಾಕದಿದ್ದರೆ ಕಹಿ. ಇಷ್ಟು ಚೊಕ್ಕವಾದ ಷರತ್ತನ್ನು ನಿನ್ನ ಪ್ರೋಗ್ರಾಮಿನಲ್ಲೂ ನಾನು ಕಂಡಿರಲಿಲ್ಲ.

ನಾನು ಸಹಿ ಹಾಕುವುದಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ನೀನು ಅದನ್ನು ಹಟ ಅನ್ನುತ್ತೀಯ. ಆದ್ದರಿಂದ ಪೂರ್ತಿ ಬರೆಯುತ್ತೇನೆ. ಓದುವ ತಾಳ್ಮೆ ನಿನಗಿಲ್ಲ ಅಂತ ಗೊತ್ತಿದ್ದೂ.

ನಾವು ಮದುವೆಯಾದ ಹೊಸದರಲ್ಲಿ ಆಫೀಸಿನವರು ನಮ್ಮನ್ನು ದಂಪತಿ ಅನ್ನದೆ 'ಪಂಪತಿ' ಅನ್ನುತ್ತಿದ್ದರು. ಸಿರಿಂಜಿನಲ್ಲಿರುವ ಔಷಧವನ್ನು ರೋಗಿಯ ರಕ್ತನಾಳಕ್ಕೆ ಮೆಲ್ಲಗೆ ತಳ್ಳುವ ಪಂಪಿಗೆ ನೀನು ಪ್ರೋಗ್ರಾಮ್ ಬರೆಯುತ್ತಿದ್ದೆ, ನಾನು ಅದನ್ನು ಪರೀಕ್ಷಿಸುತ್ತಿದ್ದೆ. ನಿಯಮ ಒಂದೇ: ಬರೆದವರು ಪರೀಕ್ಷಿಸುವಂತಿಲ್ಲ, ಪರೀಕ್ಷಿಸಿದವರು ಬರೆದವರ ಹಂಗಿನಲ್ಲಿರುವಂತಿಲ್ಲ. ಕಳೆದ ವರ್ಷ ಆಡಿಟರ್ ಚನ್ನರಾಯಪ್ಪನವರು ಫೈಲು ತಿರುವಿ, ಕನ್ನಡಕ ಮೇಲೇರಿಸಿ, "ಏನ್ರೀ, ಬರೆದವರ ವಿಳಾಸವೂ ನೋಡಿದವರ ವಿಳಾಸವೂ ಒಂದೇ ಮನೆ ಇದ್ಯಲ್ರೀ" ಅಂದರು. ಬೇರೆ ಯಾವ ಕಂಪನಿಯಲ್ಲಾದರೂ ಪರೀಕ್ಷಿಸುವವರನ್ನು ಬದಲಿಸುತ್ತಿದ್ದರು. ನಮ್ಮಲ್ಲಿ ವಿಳಾಸ ಬದಲಿಸಿದರು.

ಅಮರನಾಥ್ ಸಾರ್ ತಲೆಗೆ ಹೊಳೆದ ಉಪಾಯ ಅದು, ನೀನು ತಲೆಯಾಡಿಸಿದೆ. "ಪೇಪರ್ ಮೇಲೆ ಅಷ್ಟೇ ಕಣೇ. ಸ್ವಲ್ಪ ದಿನ ನಿಮ್ಮಮ್ಮನ ಮನೇಲಿರು, ಆಡಿಟ್ ಮುಗಿದ್ಮೇಲೆ ಬಂದ್ಬಿಡು" ಅಂತ ನನ್ನ ಸೂಟ್‌ಕೇಸಿನ ಜಿಪ್ಪನ್ನೂ ನೀನೇ ಎಳೆದುಕೊಟ್ಟೆ. ನಾನೂ ನಗುತ್ತಲೇ ಬಸ್ಸು ಹತ್ತಿದೆ. ಮೊದಮೊದಲು ನೀನು ಪ್ರತಿ ಭಾನುವಾರ ಬಂದೆ. ಆಮೇಲೆ ಶೋಭಕ್ಕ ಬಂದು ಕೋಲಾರದ ಮನೆಯಲ್ಲಿ ತಮ್ಮನಿಗೆ ಅಡುಗೆ ಮಾಡಿಹಾಕತೊಡಗಿದರು. ಆಮೇಲೆ ಭಾನುವಾರಗಳಲ್ಲಿ ನಿನಗೆ ಕೆಲಸ ಹುಟ್ಟಿಕೊಂಡಿತು. ಯುಗಾದಿಗೆ ನೀನು ಬರಲಿಲ್ಲ. ಬೇವು ಮಾತ್ರ ಬೇಕಾದಷ್ಟಿತ್ತು. ಕಾಗದದ ಮೇಲಿನ ಬೇರ್ಪಡೆ ಯಾವಾಗ ಕಾಗದದಿಂದ ಕೆಳಗಿಳಿದು ಮಂಚದ ಮೇಲೆ ಬಂದು ಮಲಗಿತೋ ನನಗೆ ತಿಳಿಯಲಿಲ್ಲ. ನಿನಗೆ ತಿಳಿದಿತ್ತೇ?

ಹೋಗಲಿ, ಪಂಪಿನ ವಿಷಯ. ದೊಡ್ಡವರ ಪಂಪು ನಮ್ಮ ಹಳೆಯ ನಂಬಿಕಸ್ಥ. ನವಜಾತ ಶಿಶುಗಳಿಗೆ ಹೊಸ ಪಂಪು ಬೇಕೆಂದಾಗ ನೀನು ಹಿಗ್ಗಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. "ಮೊದಲಿಂದ ಬರೆಯೋದು ದಡ್ಡರ ಕೆಲಸ ಕಣೇ. ದೊಡ್ಡ ಪಂಪಿನ ಪ್ರೋಗ್ರಾಮಿನ ಕ್ಲಾಸು ಅಪ್ಪ, ಚಿಕ್ಕದರದು ಮಗು. ಅಪ್ಪನ ಬುದ್ಧಿಯೆಲ್ಲ ಮಗೂಗೆ ತಾನಾಗೇ ಬರುತ್ತೆ. ಬೇಡದ್ದನ್ನ ಮಾತ್ರ ಮಗು ಬದಲಾಯಿಸ್ಕೊಂಡ್ರೆ ಸಾಕು!" ಅಂದಿದ್ದೆ. ನೀನು ಔಷಧದ ಪ್ರಮಾಣ ಬದಲಿಸಿದೆ. ಅಲಾರಂ ಬದಲಿಸಿದೆ. ಪರದೆಯ ಮೇಲೆ ಒಂದು ಆನೆಮರಿಯನ್ನೂ ಕೂರಿಸಿದೆ. ಅಪ್ಪನ ಒಂದು ಚಾಳಿಯನ್ನು ಮಾತ್ರ ಹಾಗೇ ಬಿಟ್ಟೆ. ನಳಿಗೆ ಮಡಚಿಕೊಂಡು ಔಷಧ ನಿಂತರೆ, ಬಿಚ್ಚಿದ ಮೇಲೆ, ತಪ್ಪಿಹೋದದ್ದನ್ನೆಲ್ಲ ಬೇಗಬೇಗ ತುಂಬಿಕೊಡುವ ಚಾಳಿ. ಎಂಬತ್ತು ಕಿಲೊ ಗಂಡಸಿಗೆ ಅದು ಉಪಕಾರ. ಅಂಗೈಯಗಲದ ಮಗುವಿಗೆ?

ಹೋದ ವಾರ ನಾನು ಬೆಂಚಿನ ಮೇಲೆ ನಳಿಗೆಯನ್ನು ಬೆರಳಲ್ಲಿ ಮಡಚಿ ಹಿಡಿದೆ. ಮಗುವನ್ನು ಮಗ್ಗುಲು ಬದಲಿಸುವಾಗ ವಾರ್ಡಿನಲ್ಲಿ ಆಗುವುದು ಅದೇ ತಾನೆ? ಬಿಟ್ಟೆ. ಅಳತೆಯ ಗಾಜಿನಲ್ಲಿ ನೀರು ಸರ್ರನೆ ಏರಿತು. ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ರುಕ್ಸಾರ್, "ಯಾ ಅಲ್ಲಾ! ಅಕ್ಕಾ, ಇದೇನು ಇಫ್ತಾರಲ್ಲಿ ನಮ್ಮ ರಹೀಲ್ ಶರಬತ್ತು ಕುಡಿದಂಗೆ ಕುಡೀತಾ ಇದೆ!" ಅಂದಳು. ರಹೀಲ್ ಅವಳ ತಮ್ಮ. ಇಬ್ಬರೂ ನಕ್ಕೆವು. ಇನ್ನೊಮ್ಮೆ ಮಾಡಿ ನೋಡಿದೆವು. ಆಗ ನಗು ಬರಲಿಲ್ಲ.

ನಿನಗೆ ಹೇಳಿದೆ. "ಟೆಸ್ಟೆಲ್ಲಾ ಪಾಸಾಗಿದೆ ಕಣೇ" ಅಂದೆ. ಹೌದು, ಪಾಸಾಗದೆ ಏನು? ಪ್ರೋಗ್ರಾಮು ತನ್ನನ್ನೇ ಪರೀಕ್ಷಿಸಿಕೊಳ್ಳುವ ಟೆಸ್ಟನ್ನೂ ನೀನು ಅಪ್ಪನಿಂದಲೇ ಮಗುವಿಗೆ ಇಳಿಸಿದ್ದೆ. ತಪ್ಪಿಹೋದದ್ದನ್ನು ಬೇಗ ತುಂಬಿತೇ ಎಂದು ಅದು ಕೇಳಿತು. ತುಂಬಿತು ಎಂದು ಪಂಪು ಹೇಳಿತು. ಶಹಭಾಸ್ ಎಂದು ಟೆಸ್ಟು ಬೆನ್ನು ತಟ್ಟಿತು. ಅಪ್ಪನೇ ಪ್ರಶ್ನೆಪತ್ರಿಕೆ ಬರೆದು, ಅಪ್ಪನೇ ಉತ್ತರ ಹೇಳಿಕೊಟ್ಟು, ಅಪ್ಪನೇ ಅಂಕ ಕೊಟ್ಟರೆ ಯಾವ ಮಗು ತಾನೆ ಫೇಲಾಗುತ್ತದೆ?

ಸೋಮವಾರ ಪಂಪುಗಳು ಶಿಶುಗಳ ವಾರ್ಡಿಗೆ ಹೊರಡಬೇಕು. ಪರೀಕ್ಷಿಸಿದವಳ ಸಹಿ, ನನ್ನದೊಂದು ಬಾಕಿ. ಅಮರನಾಥ್ ಸಾರ್ ನನ್ನನ್ನು ಕೋಣೆಗೆ ಕರೆಸಿ, "ಏನಮ್ಮಾ ಗಂಗಾಲಕ್ಷ್ಮಿ, ಸ್ವಂತ ಗಂಡನ ಕೆಲಸಕ್ಕೇ ಸೈನ್ ಹಾಕಲ್ಲ ಅಂದ್ರೆ ಹೆಂಗಮ್ಮಾ? ಪ್ರಮೋಷನ್ ಹೋಗುತ್ತೆ ಅವನದು" ಅಂದರು. ಬರೆದವನ ಹಂಗಿರಬಾರದೆಂದು ನನ್ನನ್ನು ಮನೆಯಿಂದ ಹೊರಗೆ ಹಾಕಿಸಿದವರು ಅವರೇ. ಹೆಂಡತಿಯ ಧರ್ಮ ಹೇಳಿಕೊಡಲು ಬಂದವರೂ ಅವರೇ. ನಾನು ಹೊರಗಿನವಳೋ ಒಳಗಿನವಳೋ ಎಂಬುದು ಅವರ ಡೆಲಿವರಿ ದಿನಾಂಕದ ಮೇಲೆ ನಿಂತಿದೆ.

ಶೋಭಕ್ಕ ಯಾರ ಹತ್ತಿರವೋ ಅಂದರಂತೆ: "ಅವಳಿಗೆ ಮಕ್ಕಳಾಗಿಲ್ವಲ್ಲ, ಅದಕ್ಕೇ ಊರ ಮಕ್ಕಳ ಮೇಲೆ ಹುಚ್ಚು." ಕದಿರೇಶಾ, ಒಂದು ತೊಟ್ಟು ಎಷ್ಟೆಂದು ಅಳೆಯಲು ತಾಯಿಯಾಗಬೇಕಾಗಿಲ್ಲ. ಆ ಮಾತಿಗೆ ನೀನು ಎದುರಾಡಿದೆಯಾ ಎಂದು ಕೇಳುವುದಿಲ್ಲ. ಆಡಿದ್ದರೆ ಅದೂ ನನ್ನ ಕಿವಿಗೆ ಬೀಳುತ್ತಿತ್ತು. ನಮ್ಮ ಜಿಲ್ಲೆ ಅಷ್ಟೇನೂ ದೊಡ್ಡದಲ್ಲ.

ಅಮ್ಮನಿಗೆ ಪಂಪು ಗಿಂಪು ಅರ್ಥವಾಗದು. ಅವಳಿಗೆ ಅರ್ಥವಾದದ್ದು, ಒಂದು ಸಹಿ ಹಾಕಿದರೆ ಮಗಳು ಗಂಡನ ಮನೆ ಸೇರುತ್ತಾಳೆ ಎಂಬುದಷ್ಟೇ. "ಏಮಮ್ಮಾ, ಬ್ಯಾಂಕಲ್ಲಿ, ಸಂಘದಲ್ಲಿ, ಎಲ್ಲೆಲ್ಲೋ ಹಾಕ್ತೀಯ, ಇಲ್ಲೊಂದು ಹಾಕಿದ್ರೆ ಕೈ ಸವೆದುಹೋಗುತ್ತಾ?" ಅಂತ ನಾನು ಆಫೀಸಿನಿಂದ ಬಂದಾಗಿನಿಂದ ಪಾತ್ರೆಗಳನ್ನು ಕುಕ್ಕುತ್ತಿದ್ದಾಳೆ. ನನಗೂ ಸಾಕಾಗಿದೆ, ಕಣೋ. ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಕೂತಾಗ, ಹಾಕಿಬಿಡೋಣ, ಯಾರ ಮಗುವಿನ ನಳಿಗೆ ಯಾವಾಗ ಮಡಚುತ್ತದೋ ಯಾರು ಬಲ್ಲರು ಅನ್ನಿಸಿದ್ದೂ ಉಂಟು. ಕೋಲಾರದ ಕ್ಲಾಕ್ ಟವರ್ ಕಂಡಾಗಲೆಲ್ಲ ಇಳಿದುಬಿಡುವ ಹಾಗಾಗುತ್ತದೆ. ಬಸ್ಸು ಮುಂದೆ ಹೋಗುತ್ತದೆ.

ನೀನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ನಿನ್ನದು ತಾನಾಗಿ ಬಂದದ್ದನ್ನು ಬಿಚ್ಚಿ ನೋಡದ ಸೋಮಾರಿತನ: ಪಂಪಿನಲ್ಲೂ ಅದೇ, ಮದುವೆಯಲ್ಲೂ ಅದೇ. ನಾನೂ ತಾನಾಗಿ ಹಿಂದಕ್ಕೆ ಬರುತ್ತೇನೆಂದು ನೀನು ಅಂದುಕೊಂಡೆ. ಬರಲು ನಾನೇನು ನೀನು ಬರೆದ ಕ್ಲಾಸೇ?

ಪ್ರಮೋಷನ್ ಹೋದರೆ ನನ್ನ ಹೆಸರು ಹೇಳು. ಹೇಗೂ ಹೇಳುತ್ತೀಯ.

ಇಂತಿ,
ಒಂದು ಕಾಲದ ನಿನ್ನ ಗಂಗೂ, ಸದ್ಯಕ್ಕೆ
ಗಂಗಾಲಕ್ಷ್ಮಿ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಇವತ್ತು ಮಧ್ಯಾಹ್ನ ಮಗುವಿನ ಪಂಪಿನ ಆ ಚಾಳಿಯನ್ನು ನಾನೇ ತಿದ್ದಿದೆ. ಈಗ ಅದು ನಿಂತರೆ ನಿಂತೇ ಇರುತ್ತದೆ. ನರ್ಸಮ್ಮ ಬಂದು ಒತ್ತುವವರೆಗೆ ಒಂದು ತೊಟ್ಟೂ ಬಿಡುವುದಿಲ್ಲ. ತಿದ್ದಿದ್ದನ್ನು ನನ್ನ ಹೆಸರಿನಲ್ಲೇ ಪ್ರೋಗ್ರಾಮಿಗೆ ಸೇರಿಸಿ, ಚನ್ನರಾಯಪ್ಪನವರಿಗೂ ತಿಳಿಸಿದ್ದೇನೆ. ಇದರ ಅರ್ಥ ನಿನಗೆ ಬೇಗ ಹೊಳೆಯಲಿಕ್ಕಿಲ್ಲ, ಹೇಳಿಬಿಡುತ್ತೇನೆ: ನಾನೀಗ ಬರೆದವಳು. ಇನ್ನು ನಾನು ಅತ್ತು ಕರೆದು ಸಹಿ ಹಾಕಿದರೂ ಅದು ಚಲಾವಣೆಯಾಗದು. ಹೊರಗಿನಿಂದ ಯಾರಾದರೂ ಬಂದು ನೋಡುವವರೆಗೆ ಪಂಪು ಗೇಟು ದಾಟುವುದಿಲ್ಲ. ಹಾಗಾಗಿ ಶನಿವಾರ ಮುಳಬಾಗಿಲಿಗೆ ಬರಲು ನಿನಗೆ ಯಾವ ಕಾರಣವೂ ಉಳಿದಿಲ್ಲ. ಕಾರಣವಿಲ್ಲದೆ ನೀನು ಎಲ್ಲಿಗೂ ಹೋದವನಲ್ಲ. ಅಮ್ಮನಿಗೆ ಶನಿವಾರ ಇಬ್ಬರಿಗಷ್ಟೇ ಅಡುಗೆ ಮಾಡು ಎಂದು ಹೇಳಿದ್ದೇನೆ.