ಸುಭಾಷ್ ಓದನ್ನು ಅರ್ಧಕ್ಕೆ ಬಿಡಲಿಲ್ಲ

ಶೈಕ್ಷಣಿಕ ಸಾಲ ಪರಿಹಾರದ ಹೊಣೆ ಹೊತ್ತ ಬ್ಯಾಂಕಿನ ವಲಯ ವ್ಯವಸ್ಥಾಪಕರಿಗೆ,

ಮಾನ್ಯರೇ,

ಮೊದಲು ಒಂದು ತಪ್ಪನ್ನು ತಿದ್ದಬೇಕಾಗಿದೆ. ವಿದ್ಯಾರ್ಥಿಗಳ ಸಾಲ ಮನ್ನಾ ಕುರಿತು ತಮ್ಮ ಕಚೇರಿ ಕಳೆದ ವಾರ ಪತ್ರಿಕೆಗಳಿಗೆ ನೀಡಿದ ಪ್ರಕಟಣೆಯಲ್ಲಿ, "ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟು ಅಕಾಲ ಮರಣಕ್ಕೀಡಾದ ಬಿಳೇಕಹಳ್ಳಿಯ ಸುಭಾಷ್" ಎಂದು ಉದಾಹರಿಸಲಾಗಿದೆ. ಮರಣ ನಿಜ. ಊರು ನಿಜ. ಅರ್ಧಕ್ಕೆ ಬಿಟ್ಟನೆಂಬುದು ಸುಳ್ಳು. ಅವನು ಎಂಜಿನಿಯರಿಂಗ್ ಪದವಿಯ ಕೊನೆಯ ಪತ್ರಿಕೆಯನ್ನೂ ಬರೆದೇ ಮನೆಗೆ ಬಂದ. ಬಂದವನು ಜ್ವರವೆಂದು ಮಲಗಿದ. ಡೆಂಗೀ ಎಂದು ತಿಳಿಯುವಷ್ಟರಲ್ಲಿ ಕೈಮೀರಿತ್ತು. ಫಲಿತಾಂಶ ಬಂದದ್ದು ಆಮೇಲೆ. ಪ್ರಥಮ ದರ್ಜೆ.

ಬಿಡುವುದು ಒಂದು ಕೆಲಸ, ಮಾನ್ಯರೇ. ಅದನ್ನು ಮಾಡಿದವನೊಬ್ಬ ಇರಬೇಕು. ಇಲ್ಲಿ ಯಾರೂ ಏನನ್ನೂ ಬಿಡಲಿಲ್ಲ.

ಸುಭಾಷ್ ಹತ್ತನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿ. ತಂದೆ ಪಿಳ್ಳಣ್ಣ ಜೆ.ಪಿ. ನಗರದ ರಸ್ತೆಗಳಲ್ಲಿ ಕಾವೇರಿ ನೀರಿನ ವಾಲ್ವ್ ತಿರುಗಿಸುವ ನೌಕರ. ತಾಯಿ ಯಲ್ಲಮ್ಮ ಪುಟ್ಟೇನಹಳ್ಳಿಯ ಶಿಶುವಿಹಾರವೊಂದರಲ್ಲಿ ಆಯಾ. ಆ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೊಬ್ಬನೇ. ಮಗ ಹೋದ ಮೇಲೆ, ಸಾಲದ ಕಾಗದಗಳನ್ನು ಓದಿ ಹೇಳಬೇಕೆಂದು ಪಿಳ್ಳಣ್ಣ ನನ್ನನ್ನು ತಮ್ಮ ಬ್ಯಾಂಕಿನ ಶಾಖೆಗೆ ಕರೆದೊಯ್ದರು.

ಅಲ್ಲಿಯ ಅಧಿಕಾರಿ ಕೆಟ್ಟವರಲ್ಲ. ಕುರ್ಚಿ ತರಿಸಿದರು, ನೀರು ಕೊಡಿಸಿದರು. ವ್ಯಾಸಂಗದ ನಡುವೆ ಸಾಲಗಾರ ತೀರಿಕೊಂಡರೆ ಪೂರ್ತಿ ಮನ್ನಾ, ಮುಗಿಸಿದ ಮೇಲೆ ತೀರಿಕೊಂಡರೆ ಸಹಿ ಹಾಕಿದ ತಂದೆಯೇ ಕಟ್ಟಬೇಕು ಎಂದು ತಮ್ಮ ನಿಯಮವನ್ನು ವಿವರಿಸಿದರು. ಫಲಿತಾಂಶಕ್ಕೆ ಮೊದಲೇ ಹುಡುಗ ಹೋದದ್ದರಿಂದ ಓದು ಮುಗಿಯಲಿಲ್ಲವೆಂದು ಬರೆದುಬಿಡಬಹುದು ಎಂದು ದನಿ ತಗ್ಗಿಸಿ ಸೂಚಿಸಿದರು. ಪಿಳ್ಳಣ್ಣ ಬೇಡವೆಂದು ತಲೆಯಾಡಿಸಿದಾಗ, ಮೆಲ್ಲಗೆ ಕೇಳಿದರು:

"ಹುಡುಗನೇ ಇಲ್ಲ ಅಂದ್ಮೇಲೆ ಡಿಗ್ರಿ ಇದ್ರೆಷ್ಟು, ಬಿಟ್ರೆಷ್ಟು ಪಿಳ್ಳಣ್ಣ?"

"ಪಾಸಾಗಿದಾನೆ ಸಾರ್. ಸಾಲ ಇರ್ಲಿ, ನಾನು ಕಟ್ತೀನಿ. ಪಾಸು ಅಂತ್ಲೇ ಬರ್ಕೊಳ್ಳಿ."

ಆ ಅಧಿಕಾರಿ ಹಾಗೆ ಬರೆದುಕೊಳ್ಳಲಿಲ್ಲ. ಕನಿಕರದಿಂದಲೇ ಇರಬೇಕು, ಓದು ಮುಗಿದಿಲ್ಲವೆಂದೇ ಬರೆದು, ಕೇಳದೆಯೇ ಮನ್ನಾ ಮಾಡಿದರು. ತಮ್ಮ ಕಚೇರಿ ಆ ಕನಿಕರಕ್ಕೆ ಪ್ರಚಾರವನ್ನೂ ಕೊಟ್ಟಿತು.

ಅದರಿಂದ ಏನಾಯಿತೆಂಬುದು ತಮಗೆ ತಿಳಿದಿರಲಾರದು. ಬಿಳೇಕಹಳ್ಳಿಯ ಹಳೆಯ ಊರಿನೊಳಗೆ ಒಂದು ಬುದ್ಧ ವಿಹಾರವಿದೆ. ಆ ಕೇರಿಯವರು ಯಾರೇ ಪದವಿ ಪಡೆದರೂ ವಿಹಾರದ ಗೋಡೆಯ ಮೇಲೆ ಹೆಸರು ಬರೆಸುವುದು ಅಲ್ಲಿಯ ಪದ್ಧತಿ. ಮೊದಲ ಅಕ್ಷರ ತಾಯಿಯ ಕೈಯದೇ ಆಗಬೇಕು. ಯಲ್ಲಮ್ಮನಿಗೆ ಬರೆಯಲು ಬಾರದು. ಪೇಂಟರ್ ಆಕೆಯ ಕೈ ಹಿಡಿದು 'ಸು' ಬರೆಸಿದ; ಉಳಿದದ್ದನ್ನು ತಾನು ಬರೆದ. ತೀರಿಕೊಂಡವರ ಹೆಸರು ಪದವೀಧರರ ಸಾಲಿಗೆ ಸೇರಿದ್ದು ಅದೇ ಮೊದಲು. ಅಂಕಪಟ್ಟಿ ನೋಡಿಯೇ ವಿಹಾರದ ಸಂಘದವರು ಒಪ್ಪಿದ್ದರು.

ತಮ್ಮ ಪ್ರಕಟಣೆ ಬಂದ ಮಾರನೆಯ ದಿನ ಸಂಘದ ಸಭೆಯಲ್ಲಿ ದಿನೇಶ್ ಎಂಬ ಯುವಕ ಎದ್ದುನಿಂತ. ಪದವಿಯಲ್ಲಿ ಒಂದೇ ಒಂದು ವಿಷಯ ಪಾಸಾಗುವುದು ಬಾಕಿಯಿದೆಯೆಂದು ಅವನ ಹೆಸರನ್ನು ಗೋಡೆಯ ಹತ್ತಿರಕ್ಕೂ ಬಿಟ್ಟಿಲ್ಲ.

"ನಂಗೊಂದು ರೂಲ್ಸು, ಪಿಳ್ಳಣ್ಣಂಗೊಂದಾ? ಗೋಡೆಗೆ ಪಾಸು, ಬ್ಯಾಂಕಿಗೆ ಡ್ರಾಪೌಟು. ಸಖತ್ ಲೆಕ್ಕ ಅಣ್ಣ."

ಕೆಲವರು ನಕ್ಕರಂತೆ. ಹುಡುಗನ ಮಾತಿನಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ. ಅವನಿಗೆ ಹಾಗೆ ಹೇಳಿಕೊಟ್ಟದ್ದು ತಮ್ಮ ಕಚೇರಿ. ಮಗನ ಸಾವಿನಲ್ಲಿ ಸುಳ್ಳು ಹೇಳಿ ದುಡ್ಡು ಉಳಿಸಿಕೊಂಡವರು ಎಂಬ ಹೆಸರು ಈಗ ಆ ದಂಪತಿಗಳಿಗೆ ಬಂದಿದೆ. ಬ್ಯಾಂಕು ತಿದ್ದುವವರೆಗೆ ಇರಲಿ ಎಂದು ಪಿಳ್ಳಣ್ಣ ತಾವೇ ಮಗನ ಹೆಸರಿನ ಮೇಲೆ ಕಾಗದ ಅಂಟಿಸಿ ಬಂದರು. ಆವತ್ತು ಯಲ್ಲಮ್ಮ ನನ್ನೊಡನೆ ಆಡಿದ್ದು ಇಷ್ಟೇ: "ದುಡ್ಡು ಉಳೀತಲ್ಲ ಅಂತಾರೆ ಮೇಷ್ಟ್ರೇ. ಏನು ಉಳೀತು ಹೇಳಿ?"

ಪದವಿಗೆ ಬೆಲೆಯಿಲ್ಲವೆಂಬ ಮಾತನ್ನು ಜಯನಗರದ ಉದ್ಯಾನಗಳಲ್ಲಿ ದಿನವೂ ಬೆಳಗ್ಗೆ ಕೇಳುತ್ತೇನೆ. ಹಾಗೆನ್ನುವವರೆಲ್ಲರೂ ಪದವೀಧರರೇ, ಅವರ ಮಕ್ಕಳೂ ಪದವೀಧರರೇ. ಕೆಲಸ ಸಿಕ್ಕರೆ ಮಾತ್ರ ಪದವಿ, ಸಂಬಳ ಬಂದರೆ ಮಾತ್ರ ವಿದ್ಯೆ ಎಂಬ ಅಳತೆಗೋಲು ಅವರದು. ತಮ್ಮದೂ ಅದೇ ಎಂದು ಕಾಣುತ್ತದೆ. ಆ ಅಳತೆಗೆ ಸುಭಾಷನ ಪದವಿ ನಿಲ್ಲದು, ಒಪ್ಪಿದೆ. ಅವನು ಒಂದು ದಿನವೂ ಸಂಬಳ ತರಲಿಲ್ಲ. ಆದರೆ ಇಪ್ಪತ್ತೆರಡು ವರ್ಷ ಬದುಕಿದವನು ಮಾಡಿ ಮುಗಿಸಿದ ದೊಡ್ಡ ಕೆಲಸ ಅದೊಂದೇ. ಅದನ್ನೂ ಮುಗಿಸಲಿಲ್ಲವೆಂದು ಬರೆದರೆ, ಅವನ ತಂದೆತಾಯಿಯ ಕೈಯಲ್ಲಿ ಏನನ್ನು ಉಳಿಸಿದಿರಿ? ಸಾಲ ತೀರಿಸಲಾರದವರಿಗೆ ಪರಿಹಾರ ಕೊಡಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಓದು ಮುಗಿಸಿ ಸತ್ತವನ ತಂದೆಗೂ ಕೊಡಿ. ನಿಯಮ ಅಡ್ಡ ಬಂದರೆ ನಿಯಮವನ್ನು ತಿದ್ದಿ, ಸತ್ತವನನ್ನು ತಿದ್ದಬೇಡಿ.

ಮೇ ಒಂದರಂದು ಬುದ್ಧ ಪೂರ್ಣಿಮೆ. ಅಂದು ವಿಹಾರದಲ್ಲಿ ಸಭೆ ಸೇರಿ, ಆ ಹೆಸರು ಇರಬೇಕೋ ಅಳಿಸಬೇಕೋ ಎಂದು ತೀರ್ಮಾನಿಸುತ್ತಾರೆ. ಅದಕ್ಕೆ ಮೊದಲು, ಸುಭಾಷ್ ಪದವಿ ಪೂರೈಸಿದನೆಂದೂ, ಸುಳ್ಳು ಬರೆದದ್ದು ತಮ್ಮ ಶಾಖೆಯೇ ಹೊರತು ಅವನ ತಂದೆಯಲ್ಲವೆಂದೂ ಅದೇ ಪತ್ರಿಕೆಗಳಲ್ಲಿ ಪ್ರಕಟಿಸಿ. ನಿಯಮವನ್ನು ಬದಲಿಸಲಾಗದಿದ್ದರೆ ಮನ್ನಾವನ್ನು ಹಿಂದಕ್ಕೆ ಪಡೆಯಿರಿ. ಮೊನ್ನೆ ಪಿಳ್ಳಣ್ಣ ಮೊದಲ ಕಂತು ಕಟ್ಟಲು ಹೋದಾಗ, ಖಾತೆ ಮುಚ್ಚಿದೆಯೆಂದು ಕೌಂಟರಿನಲ್ಲಿ ಹಣ ವಾಪಸು ಕೊಟ್ಟರು. ಅವರು ಮಂಗಳವಾರ ಮತ್ತೆ ಬರುತ್ತಾರೆ. ದಯಮಾಡಿ ತೆಗೆದುಕೊಳ್ಳಿ.

ಇಂತಿ,
ಸಾಲವನ್ನು ಮನ್ನಾ ಮಾಡಬೇಡಿರೆಂದು ಬೇಡಿಕೊಳ್ಳುವ ದಿನವನ್ನೂ ಕಂಡ
ಒಬ್ಬ ನಿವೃತ್ತ ಉಪಾಧ್ಯಾಯ
ಜಯನಗರ ಒಂಬತ್ತನೆಯ ಬ್ಲಾಕ್
ಭಾನುವಾರ, 19 ಏಪ್ರಿಲ್ 2026, ಬೆಳಗ್ಗೆ 10 ಗಂಟೆ 40 ನಿಮಿಷ