ಉಡಿ ತುಂಬಿ ಕಳಿಸಿದೆವು

ಪಿನ್ನರ್, ಲಂಡನ್
೨೪ ಮಾರ್ಚ್ ೨೦೨೫

ಪ್ರೀತಿಯ ಚಂದ್ರಿಕಾ,

ನಾವೆಲ್ಲ ಇಲ್ಲಿ ಕ್ಷೇಮ ಎಂದು ಮೊದಲ ಸಾಲಿನಲ್ಲಿ ಬರೆಯಬೇಕಲ್ಲ, ಬರೆದಿದ್ದೇನೆ. ಹೊಟ್ಟೆಬಟ್ಟೆಯ ಮಟ್ಟಿಗೆ ಅದು ಸುಳ್ಳೂ ಅಲ್ಲ. ನಿನ್ನ ಎರಡು ಪತ್ರಗಳೂ ಬಂದವು. ಎರಡರಲ್ಲೂ ಕೇಳಿದ್ದು ಒಂದೇ ಪ್ರಶ್ನೆ: ರಜನಿ ಹೇಗಿದ್ದಾಳೆ, ಊರಿಗೆ ಬರುವುದು ಯಾವಾಗ? ಉತ್ತರಿಸಲು ಇಷ್ಟು ತಡಮಾಡಿದ್ದಕ್ಕೆ ನೀನು ಎಷ್ಟು ಬೈದುಕೊಂಡಿದ್ದರೂ ಅದು ಕಡಿಮೆಯೇ. ಫೋನಿನಲ್ಲಿ ಹೇಳಬಹುದಿತ್ತು ಅನ್ನಬೇಡ. ನನ್ನ ಕಿವಿ ಮಂದವಾದ ಮೇಲೆ ಸ್ಪೀಕರ್ ಹಾಕದೆ ಮಾತಾಡಲಾಗದು, ಸ್ಪೀಕರ್ ಹಾಕಿದರೆ ಈ ಮನೆಯ ಗೋಡೆಗೂ ಕೇಳುತ್ತದೆ. ಅದಕ್ಕೇ ಕಾಗದ, ಪೆನ್ನು.

ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ, ಏಕೆಂದರೆ ಇಲ್ಲಿ ಅದನ್ನು ಬೇರೆಯೇ ರೀತಿ ಹೇಳುತ್ತಾರೆ. ಡಾಕ್ಟರ್ ಸುಧೀರನ ತಾಯಿ ಧಾರವಾಡದಲ್ಲಿ ಹಾಸಿಗೆ ಹಿಡಿದಾಗ ನಿಮ್ಮ ಓಣಿಯ ರಜನಿ ಅವರನ್ನು ನೋಡಿಕೊಳ್ಳಲು ಹೋದಳು. ಮುದುಕಿಯನ್ನು ಲಂಡನ್ನಿಗೆ ಕರೆತರುವಾಗ ರಜನಿಯನ್ನೂ ಆರು ತಿಂಗಳ ವೀಸಾದಲ್ಲಿ ಕರೆತಂದರು. ಮಗಳು ಚಿನ್ಮಯಿಯನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದಳು ರಜನಿ, ಗಂಡ ದುಡಿಯಲು ಹೊರಗೂರಿನಲ್ಲಿದ್ದನಲ್ಲ. ವೀಸಾ ಮುಗಿದು ವರ್ಷವಾಗುತ್ತ ಬಂತು. ಮುದುಕಿ ದೀಪಾವಳಿಗೆ ತೀರಿಕೊಂಡರು. ರಜನಿ ಮಾತ್ರ ರೇನರ್ಸ್ ಲೇನ್‌ನ ಆ ಮನೆಯಲ್ಲೇ ಉಳಿದಳು, ಬಟ್ಟೆ ತೊಳೆಯುವ ಮಷೀನಿನ ಪಕ್ಕ ಹಾಸಿಗೆ ಹಾಸಿಕೊಂಡು. ಸುಧೀರನೂ ಅವನ ಹೆಂಡತಿ ಗೌತಮಿಯೂ ನಮಗೀಗ ಬೀಗರು. ಮೊಮ್ಮಗಳು ಮಾಳವಿಕಾಳನ್ನು ಅವರ ಮಗನಿಗೆ ಕೊಡುವುದೆಂದು ಆಗಿದೆ. ಮದುವೆ ಮೇ ತಿಂಗಳಲ್ಲಿ.

ಸಂಕ್ರಾಂತಿ ಕಳೆದ ಶನಿವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ರಜನಿ. ಸೀರೆಯ ಮೇಲೊಂದು ಸ್ವೆಟರ್, ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ. ನಿಶ್ಚಿತಾರ್ಥಕ್ಕೆ ಕಾರಿನಲ್ಲಿ ರೊಟ್ಟಿಯ ಬುಟ್ಟಿ ಹಿಡಿದು ಬಂದಾಗ ದಾರಿ ನೋಡಿಕೊಂಡಿದ್ದಳಂತೆ. ಕಸದ ಡಬ್ಬಿ ಹೊರಗಿಡಲು ಬಂದವಳು ಹಾಗೇ ನಡೆದುಬಿಟ್ಟಿದ್ದಾಳೆ, ಆ ಚಳಿಯಲ್ಲಿ.

"ಅಕ್ಕೋರ, ನಾ ಹೊಳ್ಳಿ ಅಲ್ಲಿಗೆ ಹೋಗಂಗಿಲ್ರಿ" ಎಂದಳು. ಬಾಗಿಲ ಬಳಿಯೇ ನಿಂತಿದ್ದಳು, ಒಳಗೆ ಬಾ ಎಂದು ನಾನು ಕೈಹಿಡಿದು ಎಳೆಯಬೇಕಾಯಿತು. "ಮುದುಕಿ ಹೋದ ಮ್ಯಾಲೆ ಕಳಸ್ತೀವಿ ಅಂದಿದ್ರು. ಈಗ ಮದುವಿ ಮುಗೀಲಿ ಅಂತಾರ. ಪಾಸ್‌ಪೋರ್ಟ್ ಕೇಳಿದ್ರ, ಲಾಕರ್‌ನ್ಯಾಗ ಜ್ವಾಕಿ ಐತಿ, ನಿನಗ್ಯಾಕ ಅಂತಾರ್ರಿ. ಒಬ್ಬಾಕಿನ ಹೊರಗ ಹೋದ್ರ ಪೊಲೀಸರು ಹಿಡೀತಾರಂತ. ಹಿಡೀಲಿ ಬಿಡ್ರಿ. ಮಗಳು ದೊಡ್ಡಾಕಿ ಆದ್ಲ್ರಿ ಅಕ್ಕೋರ, ಆರತಿ ಮಾಡಾಕ ನಾ ಇರ್ಲಿಲ್ಲ."

ಚಿನ್ಮಯಿಗೆ ಆರತಿ ಮಾಡಿದವಳು ನೀನೇ ಎಂದು ಗೊತ್ತು. ಅದನ್ನು ಹೇಳಿದೆ. ಆಗ ಅತ್ತಳು.

ನನ್ನ ಕೋಣೆಯಲ್ಲಿ ಕೂರಿಸಿ ಹೊದಿಕೆ ಹೊದಿಸಿದೆ. ಮಾಳವಿಕಾ ಅಂದು ಮನೆಯಲ್ಲೇ ಇದ್ದಳು. ಇಂಥವರಿಗೆಂದೇ ಸಹಾಯವಾಣಿ ಇದೆಯಂತೆ, ಎಲ್ಲಿಗೆ ಫೋನ್ ಮಾಡಬೇಕೋ ಮಾಡು ಎಂದು ಅವಳಿಗೆ ಹೇಳಿದೆ. ಇಂಗ್ಲಿಷಿನಲ್ಲಿ ನನಗಿಂತ ಅವಳು ಸ್ಪಷ್ಟವಾಗಿ ಮಾತಾಡುತ್ತಾಳೆ. ಎಜ್‌ವೇರ್‌ನ ಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತಾಳೆ ಎಂದು ಬರೆದಿದ್ದೆನಲ್ಲ, ಆಗ ಅವಳ ತರಗತಿಯಲ್ಲಿ ನಡೆಯುತ್ತಿದ್ದದ್ದು ನಾವಿಬ್ಬರೂ ಕಲಿಸುತ್ತಿದ್ದ ಅದೇ ಹಳೆಯ ಪಾಠ: ಅಮೆರಿಕದ ಗುಲಾಮಗಿರಿ, ಪಶ್ಚಿಮದ ವಿಸ್ತರಣೆ, ಉತ್ತರ ದಕ್ಷಿಣಗಳ ತಿಕ್ಕಾಟ. ನನ್ನ ಹಳೆಯ ನೋಟ್ಸ್ ಕೇಳಿ ತೆಗೆದುಕೊಂಡಿದ್ದಳು. ಫೋನ್ ಹಿಡಿದು ಹಿತ್ತಲಿನ ತೋಟಕ್ಕೆ ಹೋದಳು, ಬಂದು "ದೇ ವಿಲ್ ಕಾಲ್ ಬ್ಯಾಕ್, ಅಜ್ಜಿ" ಎಂದಳು.

ಮಧ್ಯಾಹ್ನದ ಊಟಕ್ಕೆ ಮೊದಲೇ ಬೀಗರ ಕಾರು ಬಂದು ನಿಂತಿತು. ನನ್ನ ಮಗ ವಿಶ್ವನಾಥನೇ ತಿಳಿಸಿರಬೇಕು ಎಂದುಕೊಂಡೆ. ಅವನೂ ಡಾಕ್ಟರು, ಸುಧೀರನೂ ಡಾಕ್ಟರು, ಒಬ್ಬರ ಬೆನ್ನನ್ನು ಒಬ್ಬರು ಕೆರೆಯುವುದು ಅವರಿಗೆ ಅಭ್ಯಾಸ.

ಮುಂದಿನದನ್ನು ಹೇಗೆ ಬರೆಯಲಿ? ಬೀಗರು ಬಂದರಲ್ಲ, ಚಹಾ ಆಗಬೇಕಲ್ಲ. ಸೊಸೆ ಗಾರ್ಗಿ ತಟ್ಟೆಗಳನ್ನು ಹುಡುಕುತ್ತಿದ್ದಾಗ ರಜನಿ ತಾನೇ ಎದ್ದು ಅಡಿಗೆಮನೆಗೆ ಹೋದಳು. ತನ್ನನ್ನು ಹಿಡಿದೊಯ್ಯಲು ಬಂದವರಿಗೆ ತಾನೇ ಶುಂಠಿ ಜಜ್ಜಿ ಚಹಾ ಮಾಡಿ ತಂದಳು. ಸುಧೀರನಿಗೆ ಸಕ್ಕರೆ ಬೇಡ ಎಂಬುದೂ ಅವಳಿಗೆ ನೆನಪಿತ್ತು. ಆಮೇಲೆ ಬಾಗಿಲ ಹತ್ತಿರ ನಿಂತಳು. ಅವಳ ವಿಷಯವನ್ನು ಎಲ್ಲರೂ ಮಾತಾಡಿದೆವು. ಅವಳನ್ನು ಕೇಳಿದವರಿಲ್ಲ.

"ಮನೀ ಮಗಳ ಹಂಗ ನೋಡ್ಕೊಂಡೀವ್ರಿ. ನಾವು ಉಂಡದ್ದನ್ನ ಆಕಿ ಉಂಡಾಳ" ಎಂದಳು ಗೌತಮಿ. ಹೌದು, ಅವರು ಉಂಡ ಮೇಲೆ. ಸುಧೀರ "ಹೊರಗ ಹೋದ್ರ ಪೊಲೀಸರು ಹಿಡೀತಾರ ಅಂತ ಆಕಿ ಒಳ್ಳೇದಕ್ಕ ಹೇಳೀವಿ" ಎಂದ.

ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆನೆಂದು ತಿಳಿಯಬೇಡ. ಅಮೆರಿಕದ ಹದಿನೆಂಟುನೂರ ಐವತ್ತರ ಕಾಯಿದೆಯನ್ನು ಹೇಳಿದೆ. ಓಡಿಬಂದ ಗುಲಾಮನನ್ನು ಹಿಡಿದುಕೊಡುವುದು ಉತ್ತರದ ಪ್ರಜೆಗಳಿಗೂ ಕರ್ತವ್ಯವಾಯಿತು, ಸಿಕ್ಕಿಬಿದ್ದವನು ತನ್ನ ಪರವಾಗಿ ತಾನೇ ಸಾಕ್ಷಿ ಹೇಳುವಂತಿರಲಿಲ್ಲ, ಈಗ ಈ ಕೋಣೆಯಲ್ಲಿ ಆಗುತ್ತಿರುವುದೂ ಅದೇ ಎಂದೆ. ಸುಧೀರ ನಕ್ಕುಬಿಟ್ಟ. "ಮೇಡಂ, ರಿಟೈರ್ ಆಗಿ ಇಷ್ಟು ವರ್ಷ ಆದ್ರೂ ಕ್ಲಾಸ್ ಬಿಟ್ಟಿಲ್ಲ ನೋಡ್ರಿ ನೀವು." ಎಲ್ಲರೂ ನಕ್ಕರು. ಕೋಣೆಯ ಬಿಗುವು ಸಡಿಲವಾಯಿತು. ನನ್ನ ಪಾಂಡಿತ್ಯದಿಂದ ಆದ ಉಪಕಾರ ಅಷ್ಟೇ.

ವಿಶ್ವ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ಅವ್ವಾ, ಕಡ್ಡೀನ ಗುಡ್ಡ ಮಾಡಬ್ಯಾಡ. ಹಾಲ್ ಬುಕ್ ಆಗೇದ, ಕಾರ್ಡ್ ಹಂಚೀವಿ. ಮನೀ ಮಾತು ಮನ್ಯಾಗ ಮುಗಸೋಣ." ಮೈಸೂರಿನ ಸೊಸೆಯದು ಇನ್ನೂ ಮೃದು ಮಾತು: "ನಾಲ್ಕು ತಿಂಗಳು ತಾನೇ ಅತ್ತೆ? ಮದುವೆ ಆದ್ಮೇಲೆ ಟಿಕೆಟ್ ಕೊಡ್ಸಿ ಕಳಿಸ್ತಾರಂತೆ. ಅಲ್ಲೀವರೆಗೂ ಅಡ್ಜಸ್ಟ್ ಮಾಡ್ಕೊಳ್ಲಿ."

ಒಪ್ಪಂದವಾಯಿತು. ರಜನಿ ವಾಪಸು ಹೋಗಬೇಕು. ಭಾನುವಾರ ರಜೆ, ವಾರಕ್ಕೊಮ್ಮೆ ಮಗಳ ಜೊತೆ ವಿಡಿಯೋದಲ್ಲಿ ಮಾತು, ಮದುವೆಯ ನಂತರ ಊರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಜಗಳ ನೆನಪಾಯಿತು. ಅಮೆರಿಕದವರು ಮೆಕ್ಸಿಕೋದಿಂದ ಕಸಿದ ಭೂಮಿಗೆ ಗುಲಾಮರನ್ನು ಒಯ್ಯಬೇಕೋ ಬೇಡವೋ ಎಂದು ಕಚ್ಚಾಡಿ, ಕೊನೆಗೆ ಉತ್ತರಕ್ಕೆ ಕ್ಯಾಲಿಫೋರ್ನಿಯಾ, ದಕ್ಷಿಣಕ್ಕೆ ಈ ಕಾಯಿದೆ ಎಂದು ಹಂಚಿಕೊಂಡರು. "ಒಪ್ಪಂದದಿಂದ ಒಕ್ಕೂಟವು ಹತ್ತು ವರ್ಷ ಉಳಿಯಿತು" ಎಂದು ನಾನು ಬರೆಸುತ್ತಿದ್ದೆ. ನೀನು "ಒಕ್ಕೂಟ ಉಳೀತು ಖರೆ, ಓಡಿಬಂದಾಂವ ಏನಾದ ಅದನ್ನ ಬರಸ್ತೀಯೇನು?" ಎಂದು ಕಾಡುತ್ತಿದ್ದೆ. ನಿನ್ನ ಪಾಠ ಪರೀಕ್ಷೆಗೆ ಬರುತ್ತಿರಲಿಲ್ಲ, ಆದ್ದರಿಂದ ಹುಡುಗಿಯರು ನನ್ನದನ್ನೇ ಬಾಯಿಪಾಠ ಮಾಡುತ್ತಿದ್ದರು.

ಹೊರಡುವ ಹೊತ್ತಿಗೆ ಗೌತಮಿ ಹೇಳಿದಳು: "ತವರಮನೀಗೆ ಬಂದ ಹಂಗ ಬಂದಾಳ, ಬರೇ ಕೈಲೆ ಕಳಸಬ್ಯಾಡ್ರಿ, ಉಡಿ ತುಂಬ್ರಿ." ಗಾರ್ಗಿಗೂ ಅದು ಬಹಳ ಚಂದ ಕಂಡಿತು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಎಲೆ ಅಡಿಕೆ, ಮದುವೆಗೆಂದು ತಂದಿಟ್ಟ ಹಸಿರು ರವಿಕೆ ಕಣ. ನಾನು ವಿಧವೆಯಾದ್ದರಿಂದ ಗೋಡೆಯ ಕಡೆ ಸರಿದು ನಿಂತೆ. ಗಂಡ, ಮಗಳು ಇರುವ ಹೆಂಗಸು ಉಡಿ ಬೇಡ ಅನ್ನುವಂತಿಲ್ಲ ಎಂದು ನಿನಗೆ ನಾನು ಹೇಳಬೇಕೇ? ರಜನಿ ಸೆರಗು ಒಡ್ಡಿದಳು. ಐದು ಸಲ ತುಂಬಿದರು. ತುಂಬಿದ ಸೆರಗನ್ನು ಎರಡೂ ಕೈಯಿಂದ ಹಿಡಿದುಕೊಳ್ಳಬೇಕು, ಒಂದು ಕಾಳೂ ಚೆಲ್ಲಬಾರದು. ಬಾಗಿಲ ಚೌಕಟ್ಟು ಹಿಡಿದು ನಿಲ್ಲಲು ಅವಳಿಗೆ ಕೈಯೇ ಇರಲಿಲ್ಲ, ಚಂದ್ರಿಕಾ. ಕಾರಿನ ಬಾಗಿಲನ್ನು ಸುಧೀರನೇ ತೆರೆದುಕೊಟ್ಟ.

ಹಗ್ಗ ಕಟ್ಟಿ ಎಳೆದೊಯ್ದಿದ್ದರೆ ಪಿನ್ನರ್‌ನ ಅಕ್ಕಪಕ್ಕದವರು ಹೊರಗೆ ಬಂದು ನೋಡುತ್ತಿದ್ದರು. ಮಂಗಳ ಕಾರ್ಯ ಮಾಡಿ ಕಳಿಸಿದರೆ ಯಾರು ನೋಡುತ್ತಾರೆ? ಎದುರು ಮನೆಯ ಮುದುಕ ಕೈಬೀಸಿದ.

ಸಹಾಯವಾಣಿಯವರು ತಿರುಗಿ ಫೋನ್ ಮಾಡಲಿಲ್ಲ. ಫೆಬ್ರವರಿಯಲ್ಲಿ ನಾನೇ ಬಸ್ಸು ಹಿಡಿದು ರೇನರ್ಸ್ ಲೇನ್‌ಗೆ ಹೋದೆ. ಗೌತಮಿ ಒಳ್ಳೆಯ ಉಪ್ಪಿಟ್ಟು ಮಾಡಿಕೊಟ್ಟಳು. ತಾನೇ ಮಾಡಿದಳು, ಅಡಿಗೆಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. "ರಜನಿ ಎಲ್ಲಿ?" ಎಂದೆ. ತನ್ನ ತಮ್ಮನ ಹೆಂಡತಿ ಹಡೆದಿದ್ದಾಳೆ, ಬಾಣಂತನಕ್ಕೆ ಕಳಿಸಿದ್ದೇವೆ ಎಂದಳು. ಎಲ್ಲಿಗೆ? "ಪಶ್ಚಿಮಕ್ಕ, ಹೀಥ್ರೋ ದಾಟಿ ಭಾಳ ದೂರ್ರಿ, ಹೊಸಾ ಮನಿ ತೊಗೊಂಡಾರ." ಊರಿನ ಹೆಸರು ಬಾಯಿಗೆ ಬರುತ್ತಿಲ್ಲವಂತೆ. ಪಶ್ಚಿಮದಲ್ಲಿ ಹೊಸ ಹತ್ತಿಯ ಹೊಲಗಳಾದಂತೆಲ್ಲ ವರ್ಜೀನಿಯಾದ ಮನೆಗಳಿಂದ ಆಳುಗಳನ್ನು ಅತ್ತ ಮಾರಿ ಸಾಗಿಸುತ್ತಿದ್ದರು, ತಾಯಿ ಒಂದು ಕಡೆ, ಮಕ್ಕಳು ಒಂದು ಕಡೆ. ಇಲ್ಲಿ ಮಾರಲಿಲ್ಲ, ನೆಂಟರಿಗೆ ನೆರವಾದರು.

ವಾಪಸು ಬರುತ್ತಾ ಪಾರ್ಕಿನ ಬೆಂಚಿನ ಮೇಲೆ ಕೂತು, ಸ್ಪೀಕರ್ ಹಾಕಿಯೇ, ಆ ಸಹಾಯವಾಣಿಗೆ ನಾನೇ ಫೋನ್ ಮಾಡಿದೆ. ನಾಯಿ ಅಡ್ಡಾಡಿಸುವವರೆಲ್ಲ ಕೇಳಿಸಿಕೊಂಡರು, ಕೇಳಲಿ. ಆ ಕಡೆಯ ಹೆಂಗಸು ಸಮಾಧಾನದಿಂದ ಎಲ್ಲ ಬರೆದುಕೊಂಡಳು. ರಜನಿ ಈಗ ಇರುವ ವಿಳಾಸ ಸಿಕ್ಕರೆ ತಕ್ಷಣ ತಿಳಿಸಿ, ಹುಡುಕುವುದು ಸುಲಭವಾಗುತ್ತದೆ ಎಂದಳು.

ಆದ್ದರಿಂದ ಈ ಪತ್ರ. ವಾರಕ್ಕೊಮ್ಮೆ ಚಿನ್ಮಯಿಯ ಜೊತೆ ಮಾತಾಡಿಸುತ್ತಿದ್ದಾರೆ ಎಂದು ಬರೆದಿದ್ದೀಯಲ್ಲ, ಹಾಗಾದರೆ ದಾರಿ ಇದೆ. ಇಲ್ಲಿ ಟಪಾಲು ಬಾಗಿಲ ಸಂದಿಯಿಂದ ಒಳಗೆ ಬೀಳುತ್ತದೆ, ಪ್ರತಿ ಲಕೋಟೆಯ ಮೇಲೂ ವಿಳಾಸ, ಪೋಸ್ಟ್‌ಕೋಡ್ ಇರುತ್ತದೆ. ರಜನಿಗೆ ಇಂಗ್ಲಿಷ್ ಬಾರದಿದ್ದರೇನು, ಒಂದು ಲಕೋಟೆಯನ್ನು ವಿಡಿಯೋಗೆ ಹಿಡಿದರೆ ಸಾಕು, ಚಿನ್ಮಯಿ ಓದಿಕೊಳ್ಳುತ್ತಾಳೆ. ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ ಸುಮ್ಮನಿರಲಿ, ಮುಂದಿನ ವಾರ ನೋಡಲಿ. ಹುಡುಗಿಗೆ ಜಾಣತನ ಇದೆ. ಹೆದರಿಸದೆ ಹೇಳು. ಮದುವೆಯ ನಂತರ ಕಳಿಸುತ್ತಾರೆಂಬ ಮಾತನ್ನು ನಾನಂತೂ ನಂಬುವುದಿಲ್ಲ. ಬಾಣಂತನ ಮುಗಿದರೆ ಮಗುವನ್ನು ನೋಡಿಕೊಳ್ಳಲು ಒಬ್ಬರು ಬೇಕೇ ಬೇಕು.

ಚಿನ್ಮಯಿಗೆ ನನ್ನ ತುಂಬು ಆಶೀರ್ವಾದ. ತಾಯಿಯ ಕೈಯಿಂದಲೇ ಅವಳಿಗೆ ಮುಂದಿನ ಆರತಿ ಆಗಲಿ. ನಿನ್ನ ಮಂಡಿನೋವು ಇಳಿದಿರಲಿ, ಯುಗಾದಿ ನಿಮ್ಮೆಲ್ಲರಿಗೂ ಒಳ್ಳೆಯದನ್ನು ತರಲಿ. ನನ್ನ ಪಾಲಿನ ಬೇವನ್ನು ಈ ವರ್ಷ ಮುಂಚೆಯೇ ತಿಂದಿದ್ದೇನೆ.

ನಿನ್ನ ಗೆಳತಿ,
ನೀರಜಾ

ತಾ.ಕ.: ವಿಶ್ವನ ಜೊತೆ ಎರಡು ತಿಂಗಳು ಮಾತು ಬಿಟ್ಟಿದ್ದೆ. ಬೀಗರಿಗೆ ತಿಳಿಸಿದವನು ಅವನಲ್ಲ. ಕಳೆದ ವಾರ ಮಾಳವಿಕಾ ಮದುವೆಯ ಸೀರೆಗಳನ್ನು ನನ್ನ ಮಂಚದ ಮೇಲೆ ಹರವಿ, ತಂದೆಯ ಮೇಲೆ ಯಾಕೆ ಕೋಪ ಎಂದು ಕೇಳಿ, ತಾನೇ ಹೇಳಿದಳು. ತೋಟಕ್ಕೆ ಹೋಗಿ ಅವಳು ಫೋನ್ ಮಾಡಿದ್ದು ಗೌತಮಿಗೆ. "ನೀನು ಮಕ್ಕಳಿಗೆ ಏನ ಕಲಸ್ತಿ?" ಎಂದೆ. "ಅಜ್ಜಿ, ದಟ್ ವಾಸ್ ಸ್ಲೇವರಿ. ದಿಸ್ ಈಸ್ ಫ್ಯಾಮಿಲಿ" ಎಂದಳು, ಸೀರೆ ಮಡಿಸುತ್ತಾ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಆ ಪುರಾಣ ಹೇಳಿಕೊಟ್ಟವಳು ನಾನು. ಅವಳಿಗೆ ಅದರ ಒಂದು ಇಸವಿಯೂ ತಪ್ಪಿಲ್ಲ. ಪೊಲೀಸರು ಆ ಮನೆಗೆ ಹೋದ ದಿನ ಈ ಮದುವೆ ನಿಲ್ಲುತ್ತದೆ, ಅಜ್ಜಿಯೇ ನಿಲ್ಲಿಸಿದಳೆಂದು ಅವಳಿಗೆ ಗೊತ್ತಾಗುತ್ತದೆ, ಆಮೇಲೆ ಅವಳು ನನ್ನ ಮುಖ ನೋಡುವುದಿಲ್ಲ. ಅವಳೆಂದರೆ ನನಗೆ ಇವತ್ತಿಗೂ ಪ್ರಾಣ, ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ವಿಳಾಸ ಸಿಕ್ಕ ದಿನವೇ ಕಳಿಸು, ಚಂದ್ರಿಕಾ. ಒಂದು ದಿನ ತಡಮಾಡಿದರೂ ನಾನು ಮನಸ್ಸು ಬದಲಿಸಿಬಿಟ್ಟೇನು.